ಅಕ್ಕನ ಶಾಲಿನ ಬಿಸಿ

ನಮ್ಮ ಪಡಸಾಲೆಯ ಗೂಟದ ಹಲಗೆಯನ್ನು ಮಾಡಿದ್ದು ನಾನು. ಮರ ಆರಿಸಿದ್ದು, ಕೊಯ್ದದ್ದು, ಉಜ್ಜಿದ್ದು, ಗೋಡೆಗೆ ಬಡಿದದ್ದು ಎಲ್ಲ ನಾನೇ. ಬೇರೆ ಯಾರೂ ಕೈ ಹಚ್ಚಲಿಲ್ಲ. ಆರು ವರ್ಷದಿಂದ ಬಡಗಿ ಮೇಸ್ತ್ರಿಯ ಹತ್ತಿರ ದುಡಿಯುತ್ತಿದ್ದರೂ ನಾನು ಶುರುಮಾಡಿದ ಒಂದು ವಸ್ತುವನ್ನೂ ನನ್ನ ಕೈಯಲ್ಲಿ ಮುಗಿಸಲು ಆತ ಬಿಟ್ಟವನಲ್ಲ. ಕೀಸುಳಿ ಹೊಡೆದು ಬೆವರು ಸುರಿಸುವುದು ನಾನು, ಮೂಲೆ ಕೂಡಿಸಿ ಹೊಗಳಿಸಿಕೊಳ್ಳುವುದು ಆತ. ಅದಕ್ಕೇ ಈ ಸಲ ಮಂಜು ಇಳಿಯುವುದಕ್ಕೆ ತಿಂಗಳು ಮುಂಚೆ, ಹಳೆಯ ಬಾಗಿಲಿನ ಚೌಕಟ್ಟು ಬಿಚ್ಚಿ ತಂದು, ನಮ್ಮ ಹಿತ್ತಿಲಲ್ಲಿ ಕೂತು ನಾನೊಬ್ಬನೇ ಮಾಡಿದೆ.

ನಮ್ಮೂರಿನಲ್ಲಿ ಕೆರೆಯ ಕಡೆಯಿಂದ ಮಂಜು ಇಳಿದ ದಿನದಿಂದ ಅದು ಏಳುವ ದಿನದವರೆಗೆ ಪಡಸಾಲೆಯೇ ಮನೆಯ ಮುಖ್ಯ ಜಾಗ. ಹೊರಗೆ ಹಾಕಿಕೊಂಡು ಹೋದ ಕೋಟು, ಶಾಲು, ಕಂಬಳಿ ಯಾವುದನ್ನೂ ಒಳಗೆ ತರುವಂತಿಲ್ಲ. ತಂದರೆ ಮಂಜು ಬೆನ್ನಿಗೇ ಬಂದು ಒಲೆಯ ಪಕ್ಕ ಕೂರುತ್ತದೆ. ಮೇಲಿನ ಓಣಿಯಲ್ಲಿ ಒಬ್ಬ ಹೊಸ ಅಳಿಯ ಬಿಗುಮಾನ ಮಾಡಿ ಕಂಬಳಿ ಹೊದ್ದೇ ಊಟಕ್ಕೆ ಕೂತ. ಯುಗಾದಿಯವರೆಗೂ ಆ ಮನೆಯ ಹೆಂಗಸರು ತಡಕಾಡಿಕೊಂಡು ಅಡುಗೆ ಮಾಡಿದರು. ಆದ್ದರಿಂದ ಎಲ್ಲರೂ ಪಡಸಾಲೆಯಲ್ಲೇ ಬಿಚ್ಚುತ್ತಾರೆ. ಬಿಚ್ಚಿ ಗೂಟಕ್ಕೆ ಹಾಕಿದರೆ ಮೈಯ ಬಿಸಿಯೂ ಬಟ್ಟೆಯ ಜೊತೆ ಹೋಗಿ ಗೂಟದಲ್ಲಿ ನೇತಾಡುತ್ತದೆ. ಮನೆಯೊಳಗೆ ಇರುವಷ್ಟು ಹೊತ್ತು ಒಲೆಯ ಮುಂದೆ ಮುದುರಿ ಕೂರುವುದು, ಹೊರಡುವಾಗ ಹಾಕಿಕೊಂಡು ಮತ್ತೆ ಬಿಸಿಯಾಗುವುದು. ಇಷ್ಟಕ್ಕೆ ಯಾರೂ ಅಂಜುವುದಿಲ್ಲ. ಅಂಜುವುದು ಒಂದಕ್ಕೆ: ಒಂದು ಬಟ್ಟೆಯ ಮೇಲೆ ಇನ್ನೊಂದು ತಾಗಿದರೆ, ಮೇಲಿನದು ಕೆಳಗಿನದರ ಬಿಸಿಯನ್ನು ಕುಡಿದುಬಿಡುತ್ತದೆ. ಮಂಜು ಏಳುವ ದಿನ ಯಾರ ಬಟ್ಟೆಯಲ್ಲಿ ಎಷ್ಟು ಉಳಿದಿರುತ್ತದೋ ಅವರಿಗೆ ಅಷ್ಟೇ. ಹೋದದ್ದು ಮತ್ತೆ ಹುಟ್ಟುವುದಿಲ್ಲ. ನಮ್ಮ ಎದುರುಮನೆಯ ಹಾಲಜ್ಜಿ ಕಲ್ಲು ಸಿಡಿಯುವ ಬೇಸಿಗೆಯಲ್ಲೂ ಕಟ್ಟೆಯ ಮೇಲೆ ಎರಡು ಕಂಬಳಿ ಹೊದ್ದು ಕೂರುತ್ತಾಳೆ. ಅವಳ ಬಿಸಿಯನ್ನು ಅವಳ ಗಂಡನೇ ಕುಡಿದನಂತೆ. ಆತ ಸತ್ತು ಇಪ್ಪತ್ತು ವರ್ಷವಾಯಿತು, ಅವಳ ನಡುಕ ನಿಂತಿಲ್ಲ.

ಹೀಗಿರುವಾಗ ಪಡಸಾಲೆ ಹೇಗೆಂದರೆ ಹಾಗೆ ಇದ್ದರೆ ನಡೆಯುತ್ತದೆಯೇ? ನಮ್ಮದು ಮೂರು ಮೊಳದ ಗೋಡೆ. ಅಪ್ಪ ಅಮ್ಮ ಹೋದ ಮೇಲೆ ನಾನು ಮತ್ತು ನನ್ನ ಅಕ್ಕ ಓಬಮ್ಮ, ಇಬ್ಬರಿಗೆ ಎರಡು ಗೂಟ ಸಾಕಾಗಿತ್ತು. ಅವಳು ಬಟ್ಟೆ ಹೊಲಿದು ನನ್ನನ್ನು ಸಾಕಿದಳು. ಆದರೆ ಹೋದ ವೈಶಾಖದಲ್ಲಿ ಅವಳಿಗೆ ಮದುವೆಯಾಗಿ, ಭಾವ ತಿಪ್ಪೇಸ್ವಾಮಿ ಮೇಷ್ಟ್ರು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ನಮ್ಮ ಮನೆಗೇ ಬಂದು ಉಳಿದರು. ಮನೆಯಳಿಯ. ನಾನು ಏಳನೇ ಕ್ಲಾಸಿಗೆ ಬಿಟ್ಟುಬಂದ ಅದೇ ಸ್ಕೂಲಿನಲ್ಲಿ ಪಾಠ ಹೇಳುವವರು. ಚಹಾ ಕುಡಿಯುವಾಗ ಸೊರ್ ಎಂದು ಸದ್ದು ಮಾಡುತ್ತಾರೆ. ಮಫ್ಲರನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಅಂಗೈಯಿಂದ ಇಸ್ತ್ರಿ ಹಾಕಿದ ಹಾಗೆ ಸವರುತ್ತಾರೆ. ನನಗೆ ಮೊದಲ ದಿನದಿಂದಲೇ ಈ ಮನುಷ್ಯನ ಮೇಲೆ ಅನುಮಾನ. ಇಷ್ಟು ಮೆತ್ತಗೆ ಮಾತಾಡುವವನಿಗೆ ಏನೋ ಬೇಕಿರುತ್ತದೆ.

ಜಾಗ ಸಾಲದು ಎಂದು ನಾನು ಎರಡು ಸಾಲು ಗೂಟ ಮಾಡಿದೆ. ಮೇಲಿನ ಸಾಲಿನಲ್ಲಿ ನನ್ನ ಕೋಟು, ಭಾವನ ಕೋಟು. ಕೆಳಗಿನ ಸಾಲಿನಲ್ಲಿ ನನ್ನ ಕೋಟಿನ ನೇರಕ್ಕೆ ಅಕ್ಕನ ಶಾಲು, ಭಾವನ ಕೋಟಿನ ನೇರಕ್ಕೆ ಬಂದವರ ಗೂಟ. ಪಕ್ಕಪಕ್ಕದ ಬಟ್ಟೆಗಳ ನಡುವೆ ಒಂದು ಗೇಣು. ಮೇಲಿನ ಕೋಟಿನ ಅಂಚಿಗೂ ಕೆಳಗಿನ ಗೂಟಕ್ಕೂ ನಡುವೆ ನಾಲ್ಕು ಬೆರಳು. ಹಲಗೆಯ ಕೆಳಗೆ ಇಟ್ಟಿಗೆ ಜೋಡಿಸಿ ಒದ್ದೆ ಚಪ್ಪಲಿ, ಬೂಟು ಇಡಲು ಸಾಲು. ಹೊಸ್ತಿಲಿಗೆ ಕಾಲೊರೆಸಲು ಗೋಣಿಚೀಲ. ತೊಟ್ಟಿಕ್ಕುವ ಮಂಜು ಹೀರಲು ಡಬ್ಬದಲ್ಲಿ ಬೂದಿ. ಟೋಪಿ, ಮಫ್ಲರಿಗೆ ಒಂದೊಂದು ಬೇರೆ ಬುಟ್ಟಿ. ಅಕ್ಕ ಬಂದು ನೋಡಿದಳು, ಗೂಟಗಳನ್ನು ಒಂದೊಂದಾಗಿ ಅಲ್ಲಾಡಿಸಿದಳು, ಒಂದೂ ಅಲುಗಲಿಲ್ಲ. ಓಣಿಯ ನಾಲ್ಕು ಜನ ಹೆಂಗಸರನ್ನು ಕರೆದು ತೋರಿಸಿದಳು. ಭಾವ ಮಾತ್ರ ಬಹಳ ಹೊತ್ತು ಹಲಗೆಯ ಮುಂದೆ ನಿಂತು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಚೆನ್ನಾಗಿದೆ ಅಂದರು. ಆ ಚೆನ್ನಾಗಿದೆ ಅನ್ನುವುದಕ್ಕೆ ಅಷ್ಟು ಹೊತ್ತು ಯಾಕೆ ಬೇಕಾಯಿತು ಎಂದು ನಾನು ಆವತ್ತೇ ಗುರುತು ಹಾಕಿಕೊಂಡೆ.

ಮಂಜು ಇಳಿದು ಇಪ್ಪತ್ತು ದಿನವಾಗಿರಬಹುದು. ಅಕ್ಕ ಸೂಜಿಗೆ ದಾರ ಪೋಣಿಸಲು ಕೂತಿದ್ದಳು. ಐದು ಸಲ ತಪ್ಪಿತು. ಆರನೇ ಸಲ ಸೂಜಿಯೇ ಬೆರಳಿನಿಂದ ಜಾರಿ ಬಿತ್ತು. ಹುಡುಕಿ ಕೊಡುವಾಗ ಅವಳ ಬೆರಳು ಮುಟ್ಟಿದೆ. ಒಲೆಯ ಮುಂದೆ ಕೂತಿದ್ದವಳ ಬೆರಳು ಹಾಗೆ ತಣ್ಣಗಿರಬಾರದು. ಏನಿಲ್ಲ ಬಿಡೋ, ಈ ಸಲ ಚಳಿ ಜಾಸ್ತಿ ಅಂದಳು. ಮಾರನೇ ದಿನ ಅವಳು ಶಾಲು ಹೊದ್ದು ಸಂತೆಗೆ ಹೊರಟಾಗ ಬಾಗಿಲಲ್ಲಿ ಮತ್ತೆ ಕೈ ಹಿಡಿದು ನೋಡಿದೆ. ಶಾಲು ಹೊದ್ದಮೇಲೂ ತಣ್ಣಗಿತ್ತು. ಶಾಲಿನೊಳಗೇ ಬಿಸಿ ಇಲ್ಲ. ಅಂದರೆ ಯಾರೋ ಕುಡಿಯುತ್ತಿದ್ದಾರೆ.

ನಮ್ಮ ಮನೆಯಲ್ಲಿ ಯಾರೋ ಅಂದರೆ ಒಬ್ಬರೇ. ನನ್ನ ಅನುಮಾನಕ್ಕೆ ಹಾಲಜ್ಜಿಯೂ ಎಣ್ಣೆ ಹೊಯ್ದಳು. ಕೆಲಸದಿಂದ ಬರುವಾಗ ಕಟ್ಟೆಯಿಂದ ಕರೆದು, ನಿಮ್ಮಕ್ಕನ ತುಟಿ ನೋಡಿದೀಯಾ, ನೇರಳೆಹಣ್ಣು ತಿಂದವಳ ಹಾಗಿದೆ ಅಂದಳು. ಆಮೇಲೆ ಕಂಬಳಿಯೊಳಗಿಂದ ಒಂದು ಬೆರಳನ್ನು ಮಾತ್ರ ಹೊರಗೆ ತೆಗೆದು ನಮ್ಮ ಬಾಗಿಲಿನ ಕಡೆ ತೋರಿಸಿದಳು.

"ಕೂಗಾಡೋ ಗಂಡ ಕುಡಿಯಾಕಿಲ್ಲ ಕಣಪ್ಪ. ನಮ್ಮನೇರೂ ಮೆತ್ತಗೇ ಇದ್ರು. ನನ್ನ ಶಾಲುನ ದಿನಾ ಅವರೇ ಮಡಿಸಿಡೋರು."

ಭಾವನೂ ಮಡಿಸುತ್ತಾರೆ. ಅಂದಿನಿಂದ ಕಾಯತೊಡಗಿದೆ. ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಸಲ ಪಡಸಾಲೆಗೆ ಹೋಗಬಹುದು? ಭಾವ ಒಂದು ಸಂಜೆಯಲ್ಲಿ ಏಳು ಸಲ ಹೋದರು. ಬಾಗಿಲ ಚಿಲಕ ನೋಡುವುದಕ್ಕೆ ಒಂದು ಸಲ, ಬೂದಿ ಡಬ್ಬ ಸರಿಸುವುದಕ್ಕೆ ಒಂದು ಸಲ, ಮಿಕ್ಕ ಐದು ಸಲಕ್ಕೆ ಕಾರಣವೇ ಇಲ್ಲ. ಒಮ್ಮೆ ನಾನು ಹಿಂದೆಯೇ ಹೋದೆ. ಅಕ್ಕನ ಶಾಲಿನ ಹೆಗಲ ಹತ್ತಿರ ಕೈ ಇಟ್ಟುಕೊಂಡು ನಿಂತಿದ್ದರು. ನನ್ನನ್ನು ನೋಡಿ ಕೈ ತೆಗೆದು, ಇವತ್ತು ಮಂಜು ದಟ್ಟ ಅಲ್ಲವಾ ಅಂದರು. ಕಳ್ಳ ಯಾವಾಗಲೂ ಹವಾಮಾನದ ಮಾತಾಡುತ್ತಾನೆ.

ನನ್ನ ಮೈಯೆಲ್ಲ ಉರಿಯುತ್ತಿತ್ತು. ಆ ಚಳಿಗಾಲ ನನಗೆ ಚಳಿಯೇ ಆಗಲಿಲ್ಲ. ಮೇಸ್ತ್ರಿಯ ಅಂಗಡಿಯಲ್ಲಿ ಬರೀ ಬನಿಯನ್ನಿನಲ್ಲಿ ಕೀಸುಳಿ ಹೊಡೆಯುತ್ತಿದ್ದೆ, ಬಾವಿಯ ನೀರನ್ನು ಹಾಗೇ ತಲೆಗೆ ಸುರಿದುಕೊಳ್ಳುತ್ತಿದ್ದೆ. ಸಿಟ್ಟು ಅಂದರೆ ಹೀಗೇ ಇರುತ್ತದೆ, ಒಳಗೇ ಒಂದು ಒಲೆ ಹೊತ್ತಿಕೊಂಡ ಹಾಗೆ ಅಂದುಕೊಂಡೆ. ಆ ಉರಿಯಲ್ಲೇ ಒಂದು ಸಂಜೆ ಅಕ್ಕನ ಪೆಟ್ಟಿಗೆಯಿಂದ ಕಪ್ಪು ದಾರ ತಂದು, ಪ್ರತಿಯೊಂದು ಬಟ್ಟೆಯನ್ನೂ ಅದರದರ ಗೂಟಕ್ಕೆ ಕಟ್ಟಿದೆ. ಬೆಳಿಗ್ಗೆ ಬಿಚ್ಚುವುದು ನಾನು, ರಾತ್ರಿ ಊಟವಾದಮೇಲೆ ಕಟ್ಟುವುದು ನಾನು. ಯಾರ ಬಟ್ಟೆ ಯಾವ ಗೂಟದಲ್ಲಿದೆಯೋ ಅಲ್ಲೇ ಇರಬೇಕು, ನಡುವೆ ಯಾರಾದರೂ ಕದಲಿಸಿದರೆ ಕೈ ಮುರಿಯುತ್ತೇನೆ ಎಂದು ಇಬ್ಬರೂ ಕೇಳುವ ಹಾಗೆ ಹೇಳಿದೆ. ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಭಾವ ಅವಳ ಕಡೆ ನೋಡಿದರು. ಅವಳು ಬಾಯಿ ಮುಚ್ಚಿದಳು. ಆ ನೋಟವನ್ನೂ ನಾನು ಲೆಕ್ಕಕ್ಕೆ ಹಿಡಿದೆ.

ಮನೆಯ ಮಾತು ಮನೆಯಲ್ಲೇ ಇಟ್ಟುಕೊಂಡೆನೇ? ಅದೂ ಇಲ್ಲ. ಕ್ಷೌರದ ಅಂಗಡಿಯಲ್ಲಿ ಹೇಳಿದೆ, ಹಿಟ್ಟಿನ ಗಿರಣಿಯಲ್ಲಿ ಹೇಳಿದೆ. ಎರಡೇ ದಿನದಲ್ಲಿ ಊರಿಗೆಲ್ಲ ಹಬ್ಬಿತು. ಸ್ಕೂಲಿನ ಪಡಸಾಲೆಯಲ್ಲಿ ಮೇಷ್ಟ್ರ ಕೋಟಿನ ಅಕ್ಕಪಕ್ಕದ ಗೂಟಗಳಿಗೆ ಯಾರೂ ಸ್ವೆಟರು ಹಾಕುತ್ತಿಲ್ಲವಂತೆ, ತಾಯಂದಿರು ಮಕ್ಕಳಿಗೆ ಹೇಳಿ ಕಳಿಸಿದ್ದಾರಂತೆ. ಒಂದು ಗೋಡೆಯಲ್ಲಿ ಅವರದೊಂದೇ ಕೋಟು. ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು. ಭಾವ ಆ ದಿನವೂ ಬಂದು ಮಫ್ಲರನ್ನು ನಾಲ್ಕು ಮಡಿಕೆ ಮಾಡಿದರು. ಆದರೆ ಚಹಾ ಕುಡಿಯುವಾಗ ಸದ್ದು ಮಾಡಲಿಲ್ಲ.

ಇನ್ನು ಆರು ದಿನಕ್ಕೆ ಮಂಜು ಏಳುತ್ತದೆ ಎಂದು ಕೆರೆ ಕಾಯುವವನು ಸಾರಿಹೋದ. ಅಕ್ಕನ ಬೆರಳ ತುದಿಗಳು ಈಗ ಬಿಳುಚಿಕೊಂಡಿದ್ದವು. ಕತ್ತರಿ ಹಿಡಿಯುವುದನ್ನೇ ಬಿಟ್ಟಿದ್ದಳು. ಇನ್ನು ಆರು ದಿನದಲ್ಲಿ ಹೋದದ್ದನ್ನು ವಾಪಸು ತರದಿದ್ದರೆ ನಮ್ಮ ಓಣಿಯಲ್ಲಿ ಇಬ್ಬರು ಹಾಲಜ್ಜಿಯರಾಗುತ್ತಾರೆ. ಮರುದಿನ ಬೆಳಿಗ್ಗೆ ದಾರಗಳನ್ನು ನೋಡಲು ಹೋದೆ. ನನ್ನ ಕೋಟಿನ ದಾರ ಸರಿಯಾಗಿತ್ತು. ಅಕ್ಕನದೂ ಸರಿ. ಭಾವನ ಕೋಟಿನ ದಾರಕ್ಕೆ ಎರಡು ಗಂಟು. ನಾನು ಹಾಕುವುದು ಒಂದೇ ಗಂಟು.

ಅದರ ಮಾರನೇ ದಿನ ಕೋಳಿ ಕೂಗುವ ಹೊತ್ತಿಗೇ ಎದ್ದು, ಪಡಸಾಲೆಯ ಬಾಗಿಲ ಸಂದಿಯಲ್ಲಿ ಒಲೆ ಊದುವ ಕೊಳವೆ ಹಿಡಿದು ನಿಂತೆ. ಸ್ವಲ್ಪ ಬೆಳಕು ಹರಿದ ಮೇಲೆ ಭಾವ ಬರಿಗಾಲಿನಲ್ಲಿ ಬಂದರು. ಅವರ ಗೂಟ ಖಾಲಿ ಇತ್ತು. ಸೀದಾ ಅಕ್ಕನ ಶಾಲಿನ ಹತ್ತಿರ ಹೋಗಿ ಬಗ್ಗಿ, ಅದರೊಳಗಿನಿಂದ ತಮ್ಮ ಕೋಟನ್ನು ಎಳೆದು ತೆಗೆದರು. ರಾತ್ರಿಯಿಡೀ ಅಲ್ಲೇ ಇತ್ತು. ನಾನು ಹಾರಿ ಅವರ ಮಣಿಕಟ್ಟನ್ನು ಹಿಡಿದೆ.

"ಸಿಕ್ಕಿಬಿದ್ರಲ್ಲ ಮೇಷ್ಟ್ರೇ" ಅಂದೆ. ಭಾವ ಅಂತ ಕರೆಯಲು ನಾಲಿಗೆ ಬರಲಿಲ್ಲ.

ಅಷ್ಟು ಹೇಳುವುದರೊಳಗೆ ನನ್ನ ಕೈಗೆ ಬೇರೇನೋ ತಿಳಿಯುತ್ತಿತ್ತು. ಹಿಡಿದದ್ದು ಮನುಷ್ಯನ ಮಣಿಕಟ್ಟಿನ ಹಾಗಿರಲಿಲ್ಲ, ಮುಂಜಾನೆ ಬಾವಿಯಿಂದ ಮೇಲೆ ಬಂದ ಹಗ್ಗದ ಹಾಗಿತ್ತು. ಅಕ್ಕನ ಕೈಗಿಂತ ತಣ್ಣಗೆ. ಕುಡಿದವನ ಕೈ ಹೀಗಿರುತ್ತದೆಯೇ? ನಾನು ಬಿಡಲಿಲ್ಲ, ಆದರೆ ಹಿಡಿತ ತಾನಾಗಿಯೇ ಸಡಿಲವಾಯಿತು.

ಭಾವ ಕೈ ಬಿಡಿಸಿಕೊಳ್ಳಲು ಹೋಗಲಿಲ್ಲ. ಇನ್ನೊಂದು ಕೈಯಿಂದ ತಮ್ಮ ಕೋಟನ್ನು ತೋರಿಸಿದರು, ಒಗೆದು ಹಿಂಡಿದ ಹಾಗೆ ಸೊಟ್ಟಗೆ ಬಿದ್ದಿತ್ತು.

"ಶಾಲು ಮೇಲಿತ್ತೋ, ನನ್ನ ಕೋಟು ಮೇಲಿತ್ತೋ ನೀನೇ ನೋಡಿದೆಯಲ್ಲ ಬೊಮ್ಮ. ಈಗ ಶಾಲಿನ ಮೇಲೆ ಏನಿದೆ, ಅದನ್ನೂ ನೋಡು."

ನೋಡಿದೆ. ಶಾಲಿನ ಮೇಲೆ ನನ್ನ ಕೋಟು ಇತ್ತು. ಒಳಗೊಬ್ಬ ಆಳು ಕೂತಿದ್ದಾನೆ ಅನ್ನುವಷ್ಟು ಉಬ್ಬಿತ್ತು. ತೋಳುಗಳು ಬಿಗಿದುಕೊಂಡಿದ್ದವು. ಅದರ ಅಂಚು ನಾನು ಬಿಟ್ಟಿದ್ದ ನಾಲ್ಕು ಬೆರಳಿನ ಜಾಗವನ್ನು ದಾಟಿ ಇಳಿದು, ಅಕ್ಕನ ಶಾಲಿನ ಹೆಗಲ ಮೇಲೆ ಬೆಕ್ಕು ಕೂತ ಹಾಗೆ ಕೂತಿತ್ತು. ಬಿಸಿ ತುಂಬಿದ ಬಟ್ಟೆ ಹಿಗ್ಗಿ ಜೋಲುತ್ತದೆ ಅನ್ನುವುದು ನಮ್ಮೂರಿನಲ್ಲಿ ಅಂಬೆಗಾಲಿಡುವ ಮಗುವಿಗೂ ಗೊತ್ತು. ನನಗೂ ಗೊತ್ತು. ಆದರೆ ನಾನು ಅಳತೆ ಹಿಡಿದದ್ದು ಮಂಜು ಇಳಿಯುವುದಕ್ಕೆ ತಿಂಗಳು ಮುಂಚೆ, ಬಿಸಿಲಿನಲ್ಲಿ, ಖಾಲಿ ಕೋಟಿಗೆ. ಆಮೇಲೆ ದಿನವೂ ಅದೇ ಕೋಟನ್ನು ಎಳೆದು ಹಾಕಿಕೊಂಡು ಹೋಗಿದ್ದೇನೆ. ಒಂದು ದಿನವಾದರೂ ಅದನ್ನು ನೋಡಿಲ್ಲ. ನನ್ನ ಕಣ್ಣೆಲ್ಲ ಭಾವನ ಗೂಟದ ಮೇಲಿತ್ತು. ಬನಿಯನ್ನಿನಲ್ಲಿ ದುಡಿದದ್ದು, ತಣ್ಣೀರು ಸುರಿದುಕೊಂಡದ್ದು, ಸಿಟ್ಟಿನ ಉರಿ ಅಂದುಕೊಂಡದ್ದು, ಎಲ್ಲ ಅಕ್ಕನ ಬಿಸಿ.

ಸದ್ದಿಗೆ ಅಕ್ಕ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಯಾಕೆ ಹೇಳಲಿಲ್ಲ ಎಂದು ನಾನು ಭಾವನನ್ನೇ ಕೇಳಿದೆ, ಅದೂ ಗದರಿಸಿಯೇ. ಉತ್ತರ ಕೊಟ್ಟವಳು ಅಕ್ಕ.

"ನಿನ್ನ ಕೋಟೇ ಕುಡೀತಿದೆ ಅಂತ ಇವರಿಗೆ ಗೊತ್ತಾಗಿದ್ದೇ ನೀನು ದಾರ ಕಟ್ಟಿದ ದಿನ. ಆಮೇಲೆ ಹೇಗೆ ಹೇಳೋದು? ನಾನು ಶಾಲು ಬೇರೆ ಗೂಟಕ್ಕೆ ಹಾಕಿದ್ರೆ ಇವರೇ ಹಾಕಿಸಿದ್ರು ಅಂತಿದ್ದೆ ನೀನು. ನಿನ್ನ ಹಲಗೆ ಅಳತೆ ತಪ್ಪು ಅಂತ ಇವರು ಅಂದಿದ್ರೆ ಇವರ ತಲೆ ಒಡೀತಿದ್ದೆ. ಅಲ್ಲದೆ..." ಹಲಗೆಯ ಕಡೆ ಕೈ ತೋರಿಸಿದಳು. "ಹುಟ್ಟಿದಾಗಿನಿಂದ ಮೊದಲ ಸಲ ನೀನು ಒಂದು ಕೆಲಸನ ಪೂರ್ತಿ ಮಾಡಿ ಮುಗಿಸಿದ್ದೆ ಕಣೋ. ಅದನ್ನ ಹಾಳುಮಾಡೋಕೆ ನನಗೆ ಮನಸ್ಸು ಬರಲಿಲ್ಲ."

ಅವಳು ಬೇಡವೆಂದರೂ ಭಾವ ಕೇಳದೆ, ನಾನು ಮಲಗಿದ ಮೇಲೆ ತಮ್ಮ ಕೋಟನ್ನು ಅವಳ ಶಾಲಿನ ಅಡಿಗೆ ಸೇರಿಸಿ, ನಾನು ಏಳುವ ಮೊದಲು ತೆಗೆದು, ದಾರ ಕಟ್ಟಿಡುತ್ತಿದ್ದರು. ಅವಳದನ್ನು ನಾನು ಕುಡಿದೆ, ಇವರದನ್ನು ಅವಳ ಶಾಲು ಕುಡಿಯಿತು, ಅದನ್ನೂ ನಾನೇ ಕುಡಿದೆ. ಕೇಳಿಸಿಕೊಳ್ಳುತ್ತಾ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಸುಳ್ಳು ಯಾಕೆ ಹೇಳಲಿ, ಇನ್ನೂ ಹೆಚ್ಚಿನ ಸಿಟ್ಟು. ನನ್ನ ಮೇಲೆ ಕನಿಕರಪಟ್ಟು ಇಬ್ಬರೂ ಸಾಯಲು ಹೊರಟಿದ್ದರಲ್ಲ ಎಂದು. ಸುತ್ತಿಗೆ ತಂದು ಹಲಗೆಯನ್ನು ಚೂರುಚೂರು ಮಾಡುತ್ತೇನೆ ಎಂದೆ. ಅಕ್ಕ ಅಡ್ಡ ಬರಲಿಲ್ಲ. ಒಡೆದರೆ ಬಟ್ಟೆ ಎಲ್ಲಿ ಹಾಕುವುದು, ಇನ್ನು ನಾಲ್ಕು ದಿನ ಇದೆ, ಸುತ್ತಿಗೆ ತರುವುದಾದರೆ ಕೆಳಗೆ ಇನ್ನೊಂದು ಗೂಟ ಹೊಡಿ ಅಂದಳು.

ಹೊಡೆದೆ. ಮೊಣಕಾಲಿನ ಎತ್ತರಕ್ಕೆ, ಇಟ್ಟಿಗೆ ಸಾಲಿನ ಮೇಲೆ. ಅಲ್ಲಿ ನನ್ನ ಕೋಟು ಹಾಕಿ, ಅದರ ಬಲತೋಳಿನ ಮೇಲೆ ಅಕ್ಕನ ಶಾಲು, ಎಡತೋಳಿನ ಮೇಲೆ ಭಾವನ ಕೋಟು ಬೀಳುವ ಹಾಗೆ ಮೇಲಿನ ಗೂಟಗಳನ್ನು ಸರಿಸಿದೆ. ಈ ಸಲ ತುಂಬಿದ ಬಟ್ಟೆಗೇ ಅಳತೆ ಹಿಡಿದೆ. ಅಕ್ಕನ ಶಾಲೂ ಭಾವನ ಕೋಟೂ ಒಂದಕ್ಕೊಂದು ತಾಗದಂತೆ ನಡುವೆ ಒಂದು ಪಟ್ಟಿ ಬಡಿದೆ. ಮರುದಿನ ಕೋಟು ಹಾಕಿಕೊಂಡಾಗ ಮೊದಲ ಸಲ ಬೆನ್ನಿಗೆ ಗಾಳಿ ತಾಕಿತು. ಅದರ ಮರುದಿನ ಕೀಸುಳಿ ಹಿಡಿದ ಕೈ ನಡುಗಿ, ಮೇಸ್ತ್ರಿ ಜ್ವರವೇನೋ ಎಂದು ಕೇಳಿದ. ಜ್ವರ ಅಂದೆ.

ಕಳೆದ ಬಿಸಿ ಹಾಗೆ ಹಿಂದಿರುಗುತ್ತಿತ್ತು, ಆದರೆ ಹೊರಗೆ ಬಿಟ್ಟ ಮಾತು ಹಿಂದಿರುಗಲಿಲ್ಲ. ಕ್ಷೌರದ ಅಂಗಡಿಗೆ ಹೋಗಿ, ಕುಡಿದವನು ನಾನು, ಭಾವನಲ್ಲ ಅಂದೆ. ಕತ್ತರಿ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಗಿರಣಿಯಲ್ಲಿ ಹೇಳಿದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಲಜ್ಜಿ ನನ್ನ ನಡುಗುವ ದವಡೆ ನೋಡಿ ಕಂಬಳಿಯೊಳಗೇ ನಕ್ಕಳು.

"ಮೇಷ್ಟ್ರು ಪಾಠ ಚೆನ್ನಾಗಿ ಮಾಡವ್ರೆ ಬಿಡು ನಿಂಗೆ. ಈಗ ನಿಂದೂ ಕುಡಿಯಾಕೆ ಹತ್ತವ್ರಾ?"

ನಾನು ಎಷ್ಟು ಆಣೆ ಇಟ್ಟರೂ ಅವಳು ನಂಬಲಿಲ್ಲ. ನಾನು ಕಲಿಸಿದ ಅನುಮಾನ ನನ್ನ ಮಾತನ್ನೇ ಕೇಳುತ್ತಿರಲಿಲ್ಲ. ಆ ಸಂಜೆ ಸ್ಕೂಲು ಬಿಡುವ ಹೊತ್ತಿಗೆ ಹೋದೆ. ಏಳನೇ ಕ್ಲಾಸಿನ ನಂತರ ಆ ಬಾಗಿಲು ದಾಟಿರಲಿಲ್ಲ. ಎಲ್ಲ ಮಕ್ಕಳೂ ನೋಡುತ್ತಿರುವಾಗ ನನ್ನ ಕೋಟು ಬಿಚ್ಚಿ, ಖಾಲಿ ಬಿದ್ದ ಆ ಗೋಡೆಯಲ್ಲಿ ಭಾವನ ಕೋಟಿನ ಪಕ್ಕದ ಗೂಟಕ್ಕೆ ಹಾಕಿ, ಅವರು ಬರುವವರೆಗೆ ಬೆಂಚಿನ ಮೇಲೆ ನಡುಗುತ್ತಾ ಕೂತೆ. ಮಾತಿಗೆ ಸಿಗದ ಬೆಲೆ ಅದಕ್ಕೆ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಮರುದಿನ ಆ ಗೋಡೆಯಲ್ಲಿ ಎರಡು ಸ್ವೆಟರು ಇದ್ದವಂತೆ. ಭಾವ ಅದನ್ನು ಹೇಳುವಾಗ ಚಹಾ ಸೊರ್ ಅನ್ನಿಸಿದರು. ನನಗೆ ಮೈ ಉರಿಯಿತು. ಬಿಸಿ ಇಳಿದುಹೋದಮೇಲೂ ಉರಿಯುತ್ತದೆ ಅನ್ನುವುದು ನನಗೆ ಹೊಸದು. ಹಾಗಾದರೆ ಇದಿಷ್ಟಾದರೂ ನನ್ನದೇ ಅಂದುಕೊಂಡೆ.

ಮಂಜು ಏಳುವ ಹಿಂದಿನ ದಿನ ಬೆಳಿಗ್ಗೆ ನನ್ನ ಕೋಟು ಇರಬೇಕಾದಷ್ಟು ತಣ್ಣಗಿರಲಿಲ್ಲ. ತೋಳಿನೊಳಗೆ ಕೈ ಹಾಕಿ ನೋಡಿದೆ, ತೆಗೆದು ಮತ್ತೆ ನೋಡಿದೆ. ನಾನು ಹೊಡೆದ ಗೂಟದಲ್ಲೇ ಇತ್ತು, ಮೇಲಿನ ಎರಡೂ ಅವುಗಳ ಜಾಗದಲ್ಲೇ ಇದ್ದವು. ಆದರೆ ಯಾರೋ ರಾತ್ರಿ ಏನೋ ಮಾಡಿದ್ದಾರೆ. ಒಳಗೆ ಹೋದರೆ ಇಬ್ಬರೂ ಒಲೆಯ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದರು. ಅಕ್ಕ ಭಾವನ ಕಡೆ ನೋಡಿದಳು. ಭಾವ ಅಕ್ಕನ ಕಡೆ ನೋಡಿದರು. ಇಬ್ಬರೂ ನನ್ನ ಕಡೆ ನೋಡಿ, ಏನು ಹುಡುಕುತ್ತಿದ್ದೀಯ ಎಂದು ಕೇಳಿದರು.

ಅಂದು ರಾತ್ರಿ ಮೂವರೂ ಪಡಸಾಲೆಯ ಹತ್ತಿರವೇ ಹಾಸಿಗೆ ಹಾಸಿದೆವು. ಕಾರಣ ಯಾರೂ ಹೇಳಲಿಲ್ಲ. ಮಧ್ಯೆ ಯಾರಾದರೂ ಕೆಮ್ಮಿದರೆ ಉಳಿದಿಬ್ಬರು ತಲೆ ಎತ್ತುತ್ತಿದ್ದೆವು. ಬೆಳಗಾಗುವ ಹೊತ್ತಿಗೆ ನನಗೆ ಕಣ್ಣು ಹತ್ತಿದ್ದು ನಿಜ. ಎಷ್ಟು ಹೊತ್ತು ಎಂದು ಹೇಳಲಾರೆ. ಎಚ್ಚರವಾದಾಗ ಹೊರಗೆ ಜನರ ಗದ್ದಲ, ಕೆರೆಯ ಕಡೆ ಓಡುವ ಕಾಲಸದ್ದು. ಮಂಜು ಎದ್ದಿತ್ತು. ಹಲಗೆಯ ಮುಂದೆ ಮೂವರೂ ನಿಂತೆವು, ಆದರೆ ಯಾರೂ ಕೈ ಚಾಚಲಿಲ್ಲ. ನೀವು ಮೊದಲು ಹಾಕಿಕೊಳ್ಳಿ ಅಂದೆ. ನೀನು ಹಾಕಿಕೋ ಅಂದರು. ಕೊನೆಗೆ ಅಕ್ಕ ಸಾಕಾಗಿ ಮೂರನ್ನೂ ಕಿತ್ತು ಅವರವರ ಮೈಮೇಲೆ ಎಸೆದಳು.

ನನ್ನ ಕೋಟು ಉಗುರುಬೆಚ್ಚಗಿತ್ತು. ಮೊದಲಿನಷ್ಟು ಬಿಸಿ ಇಲ್ಲ, ಇರಬೇಕಾದಷ್ಟು ತಣ್ಣಗೂ ಇಲ್ಲ. ಅಕ್ಕನ ಕೈ ಹಿಡಿದು ನೋಡಿದೆ, ಉಗುರುಬೆಚ್ಚಗೆ. ಭಾವನ ಮಣಿಕಟ್ಟು ಹಿಡಿದು ನೋಡಿದೆ, ಅದೂ ಅಷ್ಟೇ. ನಾನು ಹಾಕಿದ ಲೆಕ್ಕದ ಪ್ರಕಾರ ನಾನು ಕಲ್ಲಿನ ಹಾಗೆ ತಣ್ಣಗಿರಬೇಕಿತ್ತು, ಅವರಿಬ್ಬರು ಬಿಸಿ ತುಂಬಿಕೊಂಡಿರಬೇಕಿತ್ತು. ಯಾರು ಎದ್ದು ಬಂದರು, ಯಾರು ಯಾರದರ ಅಡಿಗೆ ಏನು ಸೇರಿಸಿದರು, ಕೇಳಿದರೆ ಇಬ್ಬರೂ ಬಾಯಿ ಬಿಡುವುದಿಲ್ಲ. ಅಕ್ಕ ಮತ್ತೆ ಹೊಲಿಯುತ್ತಾಳೆ. ಭಾವ ಮಫ್ಲರು ಮಡಿಸುತ್ತಾರೆ. ನನಗೆ ಇವತ್ತಿಗೂ ಇಬ್ಬರ ಮೇಲೂ ಅನುಮಾನ.